ಎಳೆಯ ಮಗುವಿನ ತಟ್ಟೆಯಿಂದ ಗೋಧಿಯನ್ನು ತೆಗೆಯುವ ಮುನ್ನ

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ಎರಡು ಮೂರು ವರ್ಷದ ಶಿಶುವಿಗೆ ತನ್ನ ಊಟವನ್ನು ತಾನು ಬಲ್ಲ ಶಕ್ತಿಯಿಲ್ಲ. ತಾಯಿ ಕಲಸಿಟ್ಟುದೇ ಅದಕ್ಕೆ ಅನ್ನ. ಮನೆಯವರು ಬೇಡವೆಂದುದೇ ಅದಕ್ಕೆ ನಿಷಿದ್ಧ. ಆದುದರಿಂದ ಆ ಶಿಶುವಿನ ಪರವಾಗಿ ಊಟವನ್ನು ಬಲ್ಲವರಾಗಬೇಕಾದ ಹೊಣೆ ಹಿರಿಯರಾದ ನಮ್ಮದು. ಈಚಿನ ವರ್ಷಗಳಲ್ಲಿ ಈ ಹೊಣೆಗೆ ಸಂಬಂಧಿಸಿದ ಪ್ರಶ್ನೆಯೊಂದು ಪೇಟೆ ಪಟ್ಟಣಗಳನ್ನು ದಾಟಿ ನಮ್ಮ ಹಳ್ಳಿಗಳ ಮನೆಬಾಗಿಲಿಗೂ ಬಂದು ನಿಂತಿದೆ: ಮಗುವಿಗೆ ಗೋಧಿಯನ್ನು ಬಿಡಿಸಬೇಕೇ, ಬೇಡವೇ? ‘ಗ್ಲುಟೆನ್ ರಹಿತ’ ಎಂಬ ಚೀಟಿ ಹೊತ್ತ ಹಿಟ್ಟು, ಬಿಸ್ಕತ್ತುಗಳು ಅಂಗಡಿಯ ಕಪಾಟುಗಳಲ್ಲಿವೆ. ಗೋಧಿಯೇ ಸಕಲ ವ್ಯಾಧಿಗಳ ಮೂಲವೆಂಬ ಉಪದೇಶಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸ್ಮರಣ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಕುರಿತು ನನ್ನ ಅಭಿಪ್ರಾಯವನ್ನು ನಿವೇದಿಸಬಯಸುತ್ತೇನೆ. ಅದು ಇಷ್ಟೇ: ಪರೀಕ್ಷೆ ಮೊದಲು, ಪಥ್ಯ ಆಮೇಲೆ. ಈ ಅನುಕ್ರಮ ತಪ್ಪಿದರೆ ಕೇಡನ್ನು ಅನುಭವಿಸುವುದು ಮಗು.

ಗ್ಲುಟೆನ್ ಎಂಬುದು ಹೊರಗಿನಿಂದ ಬೆರೆಸಿದ ವಿಷವೇನೂ ಅಲ್ಲ. ಹೋಳಿಗೆಗೆಂದು ನಾದಿದ ಕಣಕವನ್ನು ನೀರಿನಲ್ಲಿ ಹಿಸುಕಿ ತೊಳೆದರೆ ಹಿಟ್ಟಿನ ಬಿಳುಪೆಲ್ಲ ಹರಿದುಹೋಗಿ, ಎಳೆದರೆ ಹಿಗ್ಗುವ ಅಂಟೊಂದು ಕೈಯಲ್ಲಿ ಉಳಿಯುತ್ತದೆ. ಗೋಧಿಯ ಈ ಸಸಾರಜನಕವೇ ಗ್ಲುಟೆನ್. ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿಯೂ ಇದರ ದಾಯಾದಿಗಳುಂಟು. ಬಹುಜನರಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಕೆಲವರಲ್ಲಿ ಮಾತ್ರ, ಹುಟ್ಟಿನೊಡನೆ ಬಂದ ವಂಶಗುಣದ ಕಾರಣದಿಂದ, ದೇಹದ ರಕ್ಷಣಾ ವ್ಯವಸ್ಥೆಯು ಈ ಅಂಟನ್ನು ವೈರಿಯೆಂದು ಬಗೆದು ತನ್ನದೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಕರುಳಿನ ಒಳಗೋಡೆಯಲ್ಲಿ ಸೂಕ್ಷ್ಮ ಬೆರಳುಗಳಂತೆ ನಿಂತಿರುವ ಮಡಿಕೆಗಳು ಸವೆದು ಸಪಾಟಾಗುತ್ತವೆ. ಉಂಡ ಅನ್ನದ ಸಾರ ಮೈಗೆ ಹತ್ತದಂತಾಗುತ್ತದೆ. ಹೊಟ್ಟೆಯುಬ್ಬರ, ಪದೇ ಪದೇ ಭೇದಿ, ಸಣಕಲಾಗುವ ಕೈಕಾಲುಗಳು, ನಿಂತುಹೋದ ಎತ್ತರ ತೂಕಗಳು, ಕಬ್ಬಿಣದ ಔಷಧಕ್ಕೂ ಬಗ್ಗದ ರಕ್ತಹೀನತೆ, ಕಾರಣವಿಲ್ಲದ ಸಿಡಿಮಿಡಿ: ಇವು ಎಳೆಯರಲ್ಲಿ ಅದರ ಲಕ್ಷಣಗಳು. ಕೆಲವು ಮಕ್ಕಳಲ್ಲಿ ಭೇದಿಯ ಬದಲಿಗೆ ಮಲಬದ್ಧತೆಯೇ ಕಾಣುವುದುಂಟು. ವೈದ್ಯರು ಇದನ್ನು ಸೀಲಿಯಾಕ್ ರೋಗವೆನ್ನುತ್ತಾರೆ.

ಈ ರೋಗದ ಕಾರಣವನ್ನು ಕಂಡುಕೊಂಡ ಇತಿಹಾಸವು ತಂದೆತಾಯಿಗಳಿಗೂ ಒಂದು ಪಾಠದಂತಿದೆ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ೧೮೮೮ರಲ್ಲಿಯೇ ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ವರ್ಣಿಸಿ, ಗುಣವೆಂಬುದು ದೊರೆಯುವುದಾದರೆ ಆಹಾರದಿಂದಲೇ ದೊರೆಯಬೇಕೆಂದು ಊಹಿಸಿದ್ದರು. ಆದರೆ ಯಾವ ಆಹಾರದಿಂದ ಎಂಬುದು ಅವರಿಗೆ ತಿಳಿಯಲಿಲ್ಲ. ೧೯೨೪ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯರು ಬಾಳೆಹಣ್ಣಿನ ಪಥ್ಯದಿಂದ ಮಕ್ಕಳು ಚೇತರಿಸಿಕೊಂಡುದನ್ನು ಕಂಡು, ಗುಣ ಬಾಳೆಹಣ್ಣಿನದೆಂದೇ ಭಾವಿಸಿದರು. ಗುಣವಿದ್ದುದು ತಿಂದ ಹಣ್ಣಿನಲ್ಲಲ್ಲ, ಬಿಟ್ಟ ಗೋಧಿಯಲ್ಲಿ ಎಂಬುದನ್ನು ಸಾಧಿಸಿ ತೋರಿಸಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್ಕೆ. ಯುದ್ಧಕ್ಕೆ ಮುನ್ನವೇ ಅವರಿಗೆ ಗೋಧಿಯ ಮೇಲೆ ಸಂದೇಹವಿತ್ತು. ೧೯೪೪-೪೫ರ ಚಳಿಗಾಲದ ಕ್ಷಾಮದಲ್ಲಿ ರೊಟ್ಟಿ ದುರ್ಲಭವಾದಾಗ ಈ ರೋಗದ ಮಕ್ಕಳು ಸುಧಾರಿಸಿ, ರೊಟ್ಟಿ ಮರಳಿದಾಗ ಮತ್ತೆ ಕುಸಿದುದು ಆ ಸಂದೇಹವನ್ನು ಬಲಪಡಿಸಿತು. ಆದರೂ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಬೇರೆ ಬೇರೆ ಧಾನ್ಯಗಳನ್ನು ಕೊಟ್ಟು, ಬಿಡಿಸಿ, ಮಕ್ಕಳ ಬೆಳವಣಿಗೆಯನ್ನು ಅಳೆದು ದಾಖಲಿಸಿ, ೧೯೫೦ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಊಹೆ ಎಷ್ಟೇ ಸರಿಯಿದ್ದರೂ ಅದನ್ನು ಪರೀಕ್ಷೆಗೆ ಒಡ್ಡಬೇಕೆಂಬುದೇ ಇದರಿಂದ ನಾವು ಕಲಿಯಬೇಕಾದ ವಿವೇಕ.

ನಮ್ಮ ದೇಶದಲ್ಲಿ ಈ ರೋಗದ ಪ್ರಮಾಣವೆಷ್ಟು? ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತಗಳ ೨೩,೦೦೦ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ ೧.೨೩, ಈಶಾನ್ಯದಲ್ಲಿ ೦.೮೭, ದಕ್ಷಿಣದಲ್ಲಿ ಕೇವಲ ೦.೧೦ರಷ್ಟು ಜನರ ರಕ್ತದಲ್ಲಿ ಇದ್ದುವೆಂದು ತಿಳಿಸಿತು. ರೋಗಕ್ಕೆ ಎಡೆಗೊಡುವ ವಂಶಗುಣವು ಮಾತ್ರ ಮೂರು ಪ್ರದೇಶಗಳಲ್ಲಿಯೂ ಹೆಚ್ಚುಕಡಿಮೆ ಸಮಾನವಾಗಿತ್ತು. ಉತ್ತರದವರು ಗೋಧಿಯನ್ನು ಬಹಳ ಹೆಚ್ಚಾಗಿ ಉಣ್ಣುವವರೆಂಬುದೂ ಆ ಅಧ್ಯಯನದಲ್ಲಿಯೇ ಕಂಡುಬಂದಿತು. ಇದರಿಂದ ಎರಡು ಮಾತುಗಳು ಹೊರಡುತ್ತವೆ. ನಮ್ಮ ಕಡೆಯ ಮಗುವೊಂದಕ್ಕೆ ಹೊಟ್ಟೆನೋವು ಬಂದೊಡನೆ ಗೋಧಿಯನ್ನು ಅಪರಾಧಿಯೆಂದು ಸಾರುವುದು ಅವಸರದ ಮಾತು. ಹಾಗೆಯೇ, ಇದು ಉತ್ತರದವರ ರೋಗ, ನಮಗೆ ಬಾರದೆಂದು ನಿಶ್ಚಿಂತರಾಗುವುದೂ ಸಲ್ಲದು. ವಂಶಗುಣ ನಮ್ಮಲ್ಲಿಯೂ ಇದೆ. ಚಪಾತಿ, ಬ್ರೆಡ್ಡು, ಬಿಸ್ಕತ್ತುಗಳು ನಮ್ಮ ಮನೆಗಳಲ್ಲಿಯೂ ನೆಲೆಯೂರಿವೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೂರು ವರ್ಷದ ಹೆಣ್ಣುಮಗುವಿಗೆ ಹೊಟ್ಟೆಯುಬ್ಬರ, ಮೈ ಹಿಡಿಯುತ್ತಿಲ್ಲ. ಊರಿಗೆ ಬಂದ ನೆಂಟರೊಬ್ಬರು, “ಗೋಧಿ ಬಿಡಿಸಿ ನೋಡವ್ವಾ, ಖರ್ಚೇನೈತಿ?” ಎನ್ನುತ್ತಾರೆ. ತಾಯಿ ಬಿಡಿಸುತ್ತಾಳೆ. ಎರಡು ತಿಂಗಳಲ್ಲಿ ಮಗು ತುಸು ಗೆಲುವಾಗುತ್ತದೆ. ಆಮೇಲೆ ವೈದ್ಯರಲ್ಲಿಗೆ ಹೋದರೆ ಅವರು ಏನು ಮಾಡಬಲ್ಲರು? ಸೀಲಿಯಾಕ್ ರೋಗವನ್ನು ಪತ್ತೆಹಚ್ಚುವ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಪ್ರತಿಕಾಯದ ರಕ್ತಪರೀಕ್ಷೆಯೂ, ಎಂಡೋಸ್ಕೋಪಿಯ ಮೂಲಕ ಕರುಳಿನ ಚೂರನ್ನು ತೆಗೆದು ನೋಡುವ ಪರೀಕ್ಷೆಯೂ ಮಗು ಗೋಧಿಯನ್ನು ಉಣ್ಣುತ್ತಿರುವಾಗ ಮಾತ್ರ ನಂಬಲರ್ಹ. ಗೋಧಿಯನ್ನು ಬಿಟ್ಟ ಮೇಲೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಗತೊಡಗುತ್ತದೆ, ಸಾಕ್ಷಿಯೇ ಅಳಿಸಿಹೋಗುತ್ತದೆ. ಮಗು ಗೆಲುವಾದುದು ಗೋಧಿ ಬಿಟ್ಟಿದ್ದರಿಂದಲೋ, ಬಿಸ್ಕತ್ತಿನ ಬದಲು ಮನೆಯ ಊಟ ಉಂಡದ್ದರಿಂದಲೋ, ಭೇದಿ ತಾನಾಗಿಯೇ ನಿಂತದ್ದರಿಂದಲೋ ಯಾರೂ ಹೇಳಲಾರರು. ನಿಶ್ಚಯವಾಗಿ ತಿಳಿಯಬೇಕಾದರೆ ಮತ್ತೆ ವಾರಗಟ್ಟಲೆ ಗೋಧಿಯನ್ನು ಉಣಿಸಿ ಪರೀಕ್ಷಿಸಬೇಕು. ಐದು ವರ್ಷದೊಳಗಿನ ಮಕ್ಕಳಲ್ಲಿ ಹಾಗೆ ಮಾಡುವುದನ್ನು ಮಕ್ಕಳ ತಜ್ಞರು ಸಾಧ್ಯವಾದಷ್ಟು ತಪ್ಪಿಸುತ್ತಾರೆ. ಖರ್ಚಿಲ್ಲವೆಂದುಕೊಂಡ ಪ್ರಯೋಗದ ನಿಜವಾದ ಖರ್ಚು ಇದು: ಜೀವಮಾನವಿಡೀ ನಡೆಸಬೇಕಾದೀತೋ ಬೇಡವೋ ಎಂದು ತಿಳಿಯದ ಪಥ್ಯವೊಂದರಲ್ಲಿ ಮಗು ಸಿಲುಕುತ್ತದೆ.

ಇದಕ್ಕೆ ಒಂದು ಅಪವಾದವುಂಟು. ಗೋಧಿ ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮೈಮೇಲೆ ದದ್ದು, ತುಟಿಯ ಬಾವು, ಉಬ್ಬಸ, ವಾಂತಿಗಳು ಕಾಣಿಸಿಕೊಂಡರೆ ಅದು ಗೋಧಿಯ ಅಲರ್ಜಿ ಇರಬಹುದು. ಆಗ ಗೋಧಿಯನ್ನು ಆ ಕ್ಷಣವೇ ನಿಲ್ಲಿಸಿ ವೈದ್ಯರಲ್ಲಿಗೆ ಓಡಬೇಕು. ಅಲರ್ಜಿಯೂ ಸೀಲಿಯಾಕ್ ರೋಗವೂ ಒಂದೇ ಅಲ್ಲ. ಅನೇಕ ಮಕ್ಕಳಲ್ಲಿ ಅಲರ್ಜಿಯು ಬೆಳೆಯುತ್ತ ಹೋದಂತೆ ಮಾಯವಾಗುತ್ತದೆ. ಸೀಲಿಯಾಕ್ ರೋಗ ಹಾಗೆ ಮಾಯವಾಗುವುದಲ್ಲ. ಇನ್ನು, ಹೊಟ್ಟೆಯುಬ್ಬರ ಸೊರಗುಗಳಿಗೆ ನಮ್ಮ ನಾಡಿನಲ್ಲಿ ಜಂತುಹುಳು, ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ, ಕ್ಷಯ, ಬರಿಯ ಅರೆಹೊಟ್ಟೆಯ ಊಟ ಮುಂತಾದ ಬೇರೆ ಕಾರಣಗಳೂ ಇವೆ. ಗೋಧಿಯ ಮೇಲೆ ದೋಷ ಹೊರಿಸಿ ಕುಳಿತರೆ ಅವು ಚಿಕಿತ್ಸೆಯಿಲ್ಲದೆ ಉಳಿಯುತ್ತವೆ. ಗೋಧಿಯನ್ನು ತಡವಾಗಿ ಆರಂಭಿಸಿದರೆ ರೋಗ ತಪ್ಪೀತೆಂಬ ನಂಬಿಕೆಯೂ ನಿಲ್ಲಲಿಲ್ಲ. ೨೦೧೪ರಲ್ಲಿ ಯುರೋಪಿನಿಂದ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ಅದಕ್ಕೆ ಆಧಾರ ಕಾಣಲಿಲ್ಲ. ಬುದ್ಧಿ ಚುರುಕಾಗಲೆಂದು ಆರೋಗ್ಯವಂತ ಮಗುವಿಗೆ ಗೋಧಿ ಬಿಡಿಸುವುದಂತೂ ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ.

ಅಂದರೆ ಪಥ್ಯವೆಲ್ಲ ಭ್ರಮೆಯೇ? ಖಂಡಿತ ಅಲ್ಲ. ಪರೀಕ್ಷೆಯಿಂದ ರೋಗ ಸಿದ್ಧವಾಯಿತೆಂದರೆ ಅನುಮಾನಕ್ಕೆ ಎಡೆಯಿಲ್ಲ. ಆಗ ಗೋಧಿಯನ್ನು ಪೂರ್ತಿಯಾಗಿ, ಜೀವನಪರ್ಯಂತ ಬಿಡಬೇಕು. ಇದಕ್ಕೆ ಬೇರೆ ಔಷಧವಿಲ್ಲ, ಪಥ್ಯವೇ ಔಷಧ. ಒಡಹುಟ್ಟಿದವರನ್ನೂ ತಂದೆತಾಯಿಗಳನ್ನೂ ಪರೀಕ್ಷಿಸುವುದು ಯುಕ್ತ. ನಿಷ್ಠೆಯಿಂದ ನಡೆಸಿದರೆ ಬಹುಪಾಲು ಮಕ್ಕಳ ಕರುಳು ಚೇತರಿಸಿಕೊಂಡು ಬೆಳವಣಿಗೆ ಮರಳುತ್ತದೆ. ಅಲಕ್ಷಿಸಿದರೆ ಕುಳ್ಳಾದ ದೇಹ, ದುರ್ಬಲ ಎಲುಬು, ತಡವಾದ ಪ್ರಾಯ, ನೀಗದ ರಕ್ತಹೀನತೆಗಳು ಕಾದಿರುತ್ತವೆ. ಇಲ್ಲಿ ನಮ್ಮ ಜನರ ಪ್ರೀತಿಯೇ ಕೆಲವೊಮ್ಮೆ ಶತ್ರುವಾಗುತ್ತದೆ. “ಒಂದು ತುತ್ತು ಹುಗ್ಗಿ ಉಂಡರ ಏನಾಗತೈತಿ, ಪ್ರಸಾದಕ್ಕ ದೋಷವಿಲ್ಲ” ಎಂದು ಅಜ್ಜಿಯು ಅಕ್ಕರೆಯಿಂದ ಉಣಿಸಬಹುದು. ಆದರೆ ಕರುಳು ಭಕ್ತಿಯನ್ನು ಅರಿಯದು. ಆ ಮಗುವಿನ ಪಾಲಿನ ಪ್ರಸಾದವನ್ನು ಅಕ್ಕಿಯ ಪಾಯಸದಲ್ಲಿಯೋ ಬಾಳೆಯ ಹಣ್ಣಿನಲ್ಲಿಯೋ ಕೊಟ್ಟರೆ ಭಕ್ತಿಗೂ ಕೊರತೆಯಿಲ್ಲ, ಮಗುವಿಗೂ ಕೇಡಿಲ್ಲ.

ಈ ಪಥ್ಯವು ಶ್ರೀಮಂತರಿಗೆ ಮಾತ್ರ ಸಾಧ್ಯವೆಂಬ ಭಯವೂ ಬೇಡ. ಜೋಳ, ರಾಗಿ, ಸಜ್ಜೆ, ನವಣೆ, ಸಾವೆ, ಅಕ್ಕಿ, ಮೆಕ್ಕೆಜೋಳ, ಎಲ್ಲ ಬೇಳೆಕಾಳುಗಳು ಸ್ವಭಾವತಃ ಗ್ಲುಟೆನ್ ಇಲ್ಲದವು. ನಮ್ಮ ಬಿಳಿಜೋಳದ ರೊಟ್ಟಿಯೂ ಹಳೆಯ ಮೈಸೂರಿನ ರಾಗಿಮುದ್ದೆಯೂ ಇರುವಾಗ ದುಬಾರಿಯ ಪೊಟ್ಟಣಗಳ ಹಂಗೇಕೆ? ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಮಿಕ್ಕಿದ ಸುಣ್ಣದಂಶವುಂಟು. ಎಚ್ಚರಿಕೆ ಬೇಕಾದುದು ಮರೆಯಲ್ಲಿ ನುಸುಳುವ ಗೋಧಿಯ ಬಗೆಗೆ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿಸಿದರೆ ಹಿಟ್ಟು ಕಲಬೆರಕೆಯಾಗುತ್ತದೆ. ಡಬ್ಬಿಯ ಇಂಗಿನಲ್ಲಿ ಮೈದಾ ಬೆರೆತಿರುವುದು ಸಾಮಾನ್ಯ. ರವೆ, ಶ್ಯಾವಿಗೆ, ಮಾದಲಿ, ಸಜ್ಜಕಗಳು ಗೋಧಿಯವೇ. ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿಯಿರುತ್ತದೆ. ಜವೆಗೋಧಿಯೆಂದು ಕೆಲವರು ಬಾರ್ಲಿಯನ್ನೂ ಕೆಲವರು ಕಪ್ಲಿ ಗೋಧಿಯನ್ನೂ ಕರೆಯುವುದುಂಟು. ಎರಡರಲ್ಲಿಯೂ ಗ್ಲುಟೆನ್ ಇದೆ. ಕಪ್ಲಿ ಹಳೆಯ ತಳಿ, ಆದುದರಿಂದ ನಿರಪಾಯವೆಂಬ ಮಾತು ಈ ರೋಗದ ಮಗುವಿಗೆ ಅಪಾಯಕಾರಿ. ಪೊಟ್ಟಣದ ಪದಾರ್ಥವನ್ನು ಗ್ಲುಟೆನ್ ರಹಿತವೆನ್ನಲು ಕಿಲೋಗ್ರಾಂಗೆ ೨೦ ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬ ಮಿತಿಯುಂಟು. ಇದರಿಂದಲೇ ‘ಒಂದು ತುತ್ತು’ ಎಂಬುದು ಎಷ್ಟು ದೊಡ್ಡದೆಂದು ಊಹಿಸಬಹುದು.

ಶಿಕ್ಷಣ ಸಂಸ್ಥೆಗಳಿಗೂ ಇಲ್ಲಿ ಕರ್ತವ್ಯವಿದೆ. ತರಗತಿಯಲ್ಲಿ ವರ್ಷದಿಂದ ವರ್ಷಕ್ಕೆ ಎತ್ತರವೇರದ, ಬಿಳಿಚಿಕೊಂಡ, ಪದೇ ಪದೇ ಹೊಟ್ಟೆನೋವೆನ್ನುವ ಮಗುವನ್ನು ಮೊದಲು ಗಮನಿಸಬಲ್ಲವರು ಶಿಕ್ಷಕರು. ಅವರು ರೋಗವನ್ನು ಹೆಸರಿಸಬೇಕಾಗಿಲ್ಲ. ಪಾಲಕರನ್ನು ಕರೆಸಿ, ಊಟವನ್ನು ಬದಲಿಸದೆಯೇ ವೈದ್ಯರಿಗೆ ತೋರಿಸಿರೆಂದು ಹೇಳಿದರೆ ಸಾಕು. ವಿದ್ಯಾರ್ಥಿನಿಲಯಗಳ ಪ್ರವೇಶಪತ್ರದಲ್ಲಿ ಆಹಾರದ ನಿಷೇಧವನ್ನು ಕೇಳುವ ಒಂದು ಸಾಲಿರಲಿ. ಅಂಥ ಮಗುವಿದ್ದರೆ ಜೋಳವನ್ನು ಪ್ರತ್ಯೇಕವಾಗಿ ಬೀಸಿಸುವ, ಬೇರೆ ಹಂಚು ಸೌಟುಗಳನ್ನು ಇಡುವ ವ್ಯವಸ್ಥೆಯಾಗಲಿ. ಅಡುಗೆಯವರಿಗೆ ಕಾರಣವನ್ನು ತಿಳಿಸಲಿ. ಪಂಕ್ತಿಯಲ್ಲಿ ಮಾತ್ರ ಮಗುವನ್ನು ಬೇರೆ ಕೂರಿಸಬಾರದು. ತಟ್ಟೆಯಲ್ಲಿರುವ ಪದಾರ್ಥ ಬೇರೆಯಾದರೇನು, ಪಂಕ್ತಿ ಒಂದೇ ಇರಲಿ. ದಾಸೋಹಕ್ಕೆ ಗೋಧಿಯ ಚೀಲ ಕಳುಹುವ ದಾನಿಗಳಲ್ಲಿ ಯಾರಾದರೂ ಬಡ ಮಗುವೊಂದರ ರಕ್ತಪರೀಕ್ಷೆಯ ವೆಚ್ಚವನ್ನು ವಹಿಸಿಕೊಂಡರೆ ಅದೂ ಅನ್ನದಾನದಷ್ಟೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಗೋಧಿಯು ದೇವರೂ ಅಲ್ಲ, ದೆವ್ವವೂ ಅಲ್ಲ, ಅದೊಂದು ಧಾನ್ಯ. ಹಲವರಿಗೆ ಅದು ಅನ್ನ, ಕೆಲವರಿಗೆ ವಿಷ. ನಮ್ಮ ಮಗು ಯಾವ ಸಾಲಿಗೆ ಸೇರಿದುದೆಂಬುದನ್ನು ಭಯದಿಂದಲೂ ಹಟದಿಂದಲೂ ನಿರ್ಧರಿಸಲಾಗದು. ಸಂಶಯ ಬಂದಲ್ಲಿ ಮಗುವಿನ ಊಟವನ್ನು ಇದ್ದಂತೆಯೇ ಇರಿಸಿ, ತಡಮಾಡದೆ ಪರೀಕ್ಷಿಸಿ, ಫಲ ಬಂದ ಮೇಲೆ ಬಿಡಬೇಕಾದುದನ್ನು ಪೂರ್ಣವಾಗಿ ಬಿಡಿಸೋಣ. ಬಿಡಬೇಕಿಲ್ಲದಿದ್ದರೆ ನಿಶ್ಚಿಂತೆಯಿಂದ ಉಣಿಸೋಣ.