ಬ್ಯಾಂಡಿಗೆ ಬಿಳಿ ಬೂಟು, ಕೊಳಲಿಗೆ ಕಿಲುಬು

ಆಗಸ್ಟ್ 15 ಹತ್ತಿರ ಬಂತೆಂದರೆ ಮೈಸೂರಿನ ಶಾಲಾ ಮೈದಾನಗಳಲ್ಲಿ ಸಂಜೆ ನಾಲ್ಕರ ಮೇಲೆ ಡ್ರಮ್ಮಿನ ಸದ್ದು ಶುರುವಾಗುತ್ತದೆ. ಅದರ ಹಿಂದೆಯೇ ರಸೀತಿ ಪುಸ್ತಕ ಹಿಡಿದವರು ಅಂಗಡಿ ಮೆಟ್ಟಿಲು ಹತ್ತುತ್ತಾರೆ. "ಮಕ್ಕಳ ಬ್ಯಾಂಡಿಗೆ ಡ್ರೆಸ್ ಮಾಡಿಸ್ಬೇಕು ಸಾರ್, ಏನಾದ್ರೂ ಸಹಾಯ ಮಾಡಿ." ವರ್ತಕರು ಇಲ್ಲ ಅನ್ನುವುದಿಲ್ಲ. ಕೊಟ್ಟ ಹಣ ಟೋಪಿಯ ಗರಿಗೆ, ಬಿಳಿ ಬೂಟಿಗೆ, ಹೆಗಲ ಮೇಲಿನ ಜರಿಗೆ ಹೋಗುತ್ತದೆ. ಮಗು ಬಾಯಿಗೆ ಇಡುವ ಕೊಳಲಿಗೆ ಎಷ್ಟು ಹೋಯಿತು ಅಂತ ಕೇಳಿದವರುಂಟೇ?

ಬ್ಯಾಂಡು ನಮ್ಮ ಊರಿಗೆ ಹೊಸದಲ್ಲ. ಅರಮನೆಯ ಕಾಲದಿಂದ ಇಲ್ಲಿ ಇಂಗ್ಲಿಷ್ ಬ್ಯಾಂಡೂ ಇತ್ತು, ಕರ್ನಾಟಕ ವಾದ್ಯವೃಂದವೂ ಇತ್ತು. ಇವತ್ತಿಗೂ ದಸರೆ ಬಂದರೆ ಪೊಲೀಸ್ ಬ್ಯಾಂಡಿನವರ ವಾದನ ಕೇಳಲು ಜನ ಕಾದು ನಿಲ್ಲುತ್ತಾರೆ. ಆ ಬ್ಯಾಂಡಿನವರು ವಾದ್ಯ ಬಾರಿಸಿದ ಮೇಲೆ ಹೇಗೆ ಒರೆಸಿಡುತ್ತಾರೆ ಅಂತ ನಮ್ಮ ಮೇಷ್ಟ್ರುಗಳು ಒಂದು ಸಲ ಹತ್ತಿರ ನಿಂತು ನೋಡಿದರೆ ಸಾಕು, ಈ ಅಂಕಣದ ಅರ್ಧ ಕೆಲಸ ಮುಗಿದಂತೆ.

ಸಾಮಾನ್ಯ ಶಾಲೆಯ ಬ್ಯಾಂಡ್ ಕೊಳಲೆಂದರೆ ಆರು ರಂಧ್ರದ, ನಿಕ್ಕಲ್ ಲೇಪದ ಹಿತ್ತಾಳೆ ಕೊಳವೆ. ಇದು ಬೀರುವಿನಿಂದ ಹೊರಗೆ ಬರುವುದು ವರ್ಷಕ್ಕೆ ಮೂರೇ ಸಲ: ಆಗಸ್ಟ್ 15, ನವೆಂಬರ್ 1, ಜನವರಿ 26. ಉಳಿದ ದಿನ ಹರಿದ ನೆಟ್ಟು, ಗಾಳಿ ಹೋದ ವಾಲಿಬಾಲುಗಳ ಜೊತೆ ವಾಸ. ಹೋದ ಸಲ ಊದಿದ ಎಂಜಲಿನ ಪಸೆ ಒಳಗೇ ಒಣಗಿರುತ್ತದೆ. ಲೇಪ ಸವೆದಲ್ಲಿ ಹಿತ್ತಾಳೆ ಹಸಿರು ತಿರುಗಿರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕದ ಹಿತ್ತಾಳೆ ಚೊಂಬಿನಲ್ಲಿ ನಮ್ಮ ಮನೆ ಹೆಂಗಸರು ನೀರು ಕುಡಿಯಲು ಬಿಡುತ್ತಾರೆಯೇ? ಶಾಲೆಯಲ್ಲಿ ಅದೇ ಕಿಲುಬನ್ನು ಮಕ್ಕಳ ತುಟಿಗೆ ಇಟ್ಟು "ಜೋರಾಗಿ ಊದೋ" ಅಂತೇವೆ.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಕೊಳಲು ಹತ್ತಿದ್ದು ಹುಡುಗರು ಇಪ್ಪತ್ತಿದ್ದರೆ, ಒಬ್ಬನ ಬಾಯಿಂದ ತೆಗೆದು ಇನ್ನೊಬ್ಬನ ಬಾಯಿಗೆ. 2020ರಲ್ಲಿ ಕೊರೊನಾ ಬಂದಾಗ ಊದುವ ವಾದ್ಯ ಅಂದರೆ ಪ್ರಪಂಚವೇ ಹೆದರಿ ಅಭ್ಯಾಸ ನಿಲ್ಲಿಸಿತ್ತು. ಆ ಭಯ ಹೋಯಿತು, ಒಳ್ಳೆಯದೇ. ಭಯದ ಜೊತೆ ಬುದ್ಧಿಯೂ ಹೋಗಬೇಕಿತ್ತೇ? ನೆಗಡಿ, ಕೆಮ್ಮು, ಬಾಯಿ ಹುಣ್ಣು ಈಗಲೂ ಇವೆಯಲ್ಲ. ಕೊಳಲಿಗೆ ನಂಬರು ಹಾಕಿ ಒಂದು ಮಗುವಿಗೆ ಒಂದರಂತೆ ಕೊಡಬೇಕು. ಅಷ್ಟು ಇಲ್ಲದಿದ್ದರೆ ಕೈ ಬದಲಾಗುವ ಮುಂಚೆ ತುಟಿ ಇಡುವ ಜಾಗವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು. ಇದಕ್ಕೇನು ಸರ್ಕಾರಿ ಆದೇಶ ಬೇಕಾ?

ನಿಗಾ ಮಾಡೋದು ಬ್ರಹ್ಮವಿದ್ಯೆಯಲ್ಲ. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹೊರಗೆ ಹನಿ ಕಟ್ಟುತ್ತದಲ್ಲ, ಹಾಗೆಯೇ ನಮ್ಮ ಬಿಸಿ ಉಸಿರು ತಣ್ಣನೆ ಲೋಹಕ್ಕೆ ತಾಗಿ ಕೊಳಲಿನೊಳಗೆ ನೀರಾಗುತ್ತದೆ. ಊದಿದ ಮೇಲೆ ಪ್ರತಿ ಸಲವೂ ಕಡ್ಡಿಯ ತುದಿಗೆ ತೆಳು ಹತ್ತಿ ಬಟ್ಟೆ ಸುತ್ತಿ ಒಳಗೆಲ್ಲ ಆಡಿಸಿ ಒರೆಸಬೇಕು. ದರ್ಜಿ ಅಂಗಡಿಯ ಚೂರು ಬಟ್ಟೆ ಸಾಕು. ಒರೆಸಿದ ಒದ್ದೆ ಬಟ್ಟೆಯನ್ನು ಕೊಳಲಿನ ಪೆಟ್ಟಿಗೆಯೊಳಗೇ ತುರುಕಿದರೆ ಒರೆಸಿದ್ದೂ ದಂಡ. ಕೀಲಿಯಿಲ್ಲದ ಲೋಹದ ಕೊಳಲನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಬಹುದು. ಈ ಮಳೆಗಾಲದಲ್ಲಿ ಬೂಟಿನ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಸಣ್ಣ ಪೊಟ್ಟಣ, ಅದನ್ನು ಪೆಟ್ಟಿಗೆಗೆ ಹಾಕಿದರೆ ಒಳ್ಳೆಯದು. ಪಾದರಕ್ಷೆ ಅಂಗಡಿಯವರು ಬಿಸಾಡೋ ಬದಲು ಶಾಲೆಗೆ ಕೊಡಲಿ.

ಕೆಲವು ದೊಡ್ಡ ಶಾಲೆಗಳಲ್ಲಿ ಕೀಲಿಗಳಿರುವ ಕೊಳಲುಂಟು. ಜರ್ಮನಿಯ ಥಿಯೋಬಾಲ್ಡ್ ಬೋಮ್ 1847ರಲ್ಲಿ ರೂಪಿಸಿದ ಮಾದರಿ. ತಲೆ, ಮೈ, ಪಾದ ಅಂತ ಮೂರು ತುಂಡು. ಇದಕ್ಕೆ ನೀರು ಸೋಕಿಸಬಾರದು. ಕೀಲಿಯ ಅಡಿಯಲ್ಲಿ ಫೆಲ್ಟಿನ ಪ್ಯಾಡು, ಮೇಲೆ ತೆಳ್ಳನೆ ಪೊರೆ. ನೆನೆದರೆ ಉಬ್ಬುತ್ತದೆ, ಗಾಳಿ ಸೋರುತ್ತದೆ, ಸ್ವರ ಹೋಗುತ್ತದೆ. ಜೋಡಿಸುವಾಗ ಕೀಲಿಗಳನ್ನು ಅಮುಕಿ ಹಿಡಿಯದೆ ಬೋಳು ಜಾಗ ಹಿಡಿದು ಮೆಲ್ಲಗೆ ತಿರುಗಿಸಬೇಕು. ಬಿಗಿಯಾಯಿತೆಂದು ಸಂದಿಗೆ ಎಣ್ಣೆ ಬಿಟ್ಟರೆ ಧೂಳು ಮೆತ್ತಿ ಇನ್ನೂ ಬಿಗಿಯಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಸರಿ. ಬೂಟಿನ ಬಕಲ್ಲು ತಿಕ್ಕುವ ಪಾಲಿಶ್ ಹಚ್ಚಿ ಫಳಫಳ ಮಾಡುವವರಿದ್ದಾರೆ. ಆ ಪಾಲಿಶ್ ಕೀಲಿ ಸಂದಿಗೆ ಇಳಿದರೆ ರಿಪೇರಿಗೆ ಬೆಂಗಳೂರಿಗೋ ವಾದ್ಯಗಳ ತವರಾದ ಮೀರತ್ತಿಗೋ ಬರೆಯಬೇಕು. ಬೆಳ್ಳಿ ಸ್ವಲ್ಪ ಕಪ್ಪಾದರೆ ಸ್ವರವೇನೂ ಕೆಡುವುದಿಲ್ಲ ಸ್ವಾಮಿ.

ಬಸ್ಸಿನಲ್ಲಿ ಬರುವ ಮಕ್ಕಳು ಕೊಳಲನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲೆ ಇಡುವುದನ್ನು ಪ್ರಯಾಣಿಕರು ಕಂಡರೆ ದಯವಿಟ್ಟು ತೆಗೆಸಿ. ಆ ಬಿಸಿಗೆ ಬಿದಿರಿನ ಕೊಳಲು ಸೀಳುತ್ತದೆ, ಕೀಲಿಯದ್ದರ ಪ್ಯಾಡು ಒಣಗಿ ಕೆಡುತ್ತದೆ.

ಇನ್ನು ತಯಾರಿಯ ಮಾತು. ಜುಲೈ ಕೊನೆಯಲ್ಲಿ ಕೈಗೆ ಕೊಟ್ಟು ಆಗಸ್ಟ್ 15ಕ್ಕೆ ರಾಷ್ಟ್ರಗೀತೆ ಬಾರಿಸು ಅಂದರೆ ಯಾವ ಮಗು ಬಾರಿಸೀತು? ಐವತ್ತೆರಡು ಸೆಕೆಂಡಿನ ಗೀತೆ ಕೇಳಲು ಚಿಕ್ಕದು, ಊದಲು ಚಿಕ್ಕದಲ್ಲ. ಮೊದಲು ಖಾಲಿ ಸೀಸೆಯ ಬಾಯಿಗೆ ಅಡ್ಡ ಊದಿದ ಹಾಗೆ ಗಾಳಿ ಬಿಡುವುದು ಬರಬೇಕು, ಆಮೇಲೆ ಒಂದೇ ಸ್ವರವನ್ನು ನಡುಗದಂತೆ ಉದ್ದಕ್ಕೆ ಹಿಡಿಯಬೇಕು, ಆಮೇಲೆ ಬೆರಳು. ಜೋರಾಗಿ ಊದಿದರೆ ತಲೆಸುತ್ತು ಬರುವುದೇ ಹೆಚ್ಚು. ಧ್ವಜಾರೋಹಣದ ದಿನ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬಂದು, ಬಿಸಿಲಲ್ಲಿ ನಿಂತು ಊದಿ ಮಗು ಕುಸಿದರೆ ಅದು ಮಗುವಿನ ದೌರ್ಬಲ್ಯವಲ್ಲ, ದೊಡ್ಡವರ ಅಜಾಗ್ರತೆ. ಎರಡು ಇಡ್ಲಿ ತಿಂದು, ಬಾಯಿ ಮುಕ್ಕಳಿಸಿ ಬರಲಿ. ಊದುವ ಮುಂಚೆ ಮಿಠಾಯಿ, ಪಾನಕ ಕೊಡಬೇಡಿ. ಸಕ್ಕರೆಯೆಲ್ಲ ಕೊಳಲಿಗೆ ಅಂಟುತ್ತದೆ. ತಣ್ಣಗಿರುವ ಕೊಳಲಿನ ಸ್ವರ ಇಳಿದಿರುತ್ತದೆ. ಆದ್ದರಿಂದ ಎರಡು ನಿಮಿಷ ಬಿಸಿ ಉಸಿರು ಬಿಟ್ಟು ಬೆಚ್ಚಗೆ ಮಾಡಿಕೊಂಡೇ ಒಬ್ಬರಿಗೊಬ್ಬರು ಶ್ರುತಿ ಕೂಡಿಸಬೇಕು.

ಗಣರಾಜ್ಯೋತ್ಸವದ ಅಂಗವಾಗಿ ಈಚೆಗೆ ದೆಹಲಿಯಲ್ಲಿ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯುತ್ತಿದೆ. 2025ರ ಜನವರಿಯ ಫೈನಲ್ಲಿನಲ್ಲಿ ಬಾಲಕ ಬಾಲಕಿಯರಿಗೆ ಬೇರೆ ಬೇರೆಯಾಗಿ ಹಿತ್ತಾಳೆ ಬ್ಯಾಂಡು, ಪೈಪ್ ಬ್ಯಾಂಡು ಎಂಬ ವಿಭಾಗಗಳಿದ್ದವು. ಕೊಳಲು ಮತ್ತು ಡ್ರಮ್ಮಿನ ಬಡ ಬ್ಯಾಂಡಿಗೆ ಅಲ್ಲಿ ತನ್ನದೇ ಆದ ಸಾಲಿಲ್ಲ. ಹಾಗಿರುವಾಗ ಈ ಮಕ್ಕಳಿಗೆ ವೇದಿಕೆ ಒದಗಿಸಬೇಕಾದ್ದು ಜಿಲ್ಲೆಯಲ್ಲೇ. ದಸರಾ ಸಮಿತಿಯವರು ಒಂದು ಸಂಜೆ ಇದಕ್ಕೆ ಬಿಟ್ಟುಕೊಟ್ಟರೆ ದಸರೆಯ ವೈಭವ ಕುಂದುವುದಿಲ್ಲ.

ಡ್ರಿಲ್ ಮೇಷ್ಟ್ರನ್ನೇ ಬೈದು ಪ್ರಯೋಜನವಿಲ್ಲ. ಆಟ, ಕವಾಯತು, ಬ್ಯಾಂಡು ಎಲ್ಲವೂ ಅವರ ತಲೆಯ ಮೇಲೇ. ಕೊಳಲಿನ ನಿಗಾ ಅವರಿಗೆ ಕಲಿಸಿದವರಾದರೂ ಯಾರು? ಹಣ ಬರುವುದು ಪೋಷಕರಿಂದ, ಹಳೆಯ ವಿದ್ಯಾರ್ಥಿಗಳಿಂದ, ನಿಮ್ಮ ಗಲ್ಲಾಪೆಟ್ಟಿಗೆಯಿಂದ. ಆದ್ದರಿಂದ ವರ್ತಕ ಮಿತ್ರರಲ್ಲಿ ಒಂದು ಸೂಚನೆ: ಈ ಸಲ ರಸೀತಿ ಪುಸ್ತಕ ಬಂದಾಗ ಹಣ ಕೊಡುವ ಮೊದಲು "ಕೊಳಲು ಎಷ್ಟಿವೆ, ಊದೋ ಮಕ್ಕಳೆಷ್ಟು, ಒಂದು ಕೊಳಲು ತಂದು ತೋರಿಸಿ" ಅನ್ನಿ. ತಂದರೆ ಮೂತಿಯ ಹತ್ತಿರ ಹಸಿರಿದೆಯೇ ನೋಡಿ, ಮೂಗಿನ ಹತ್ತಿರ ಹಿಡಿಯಿರಿ. ಆಮೇಲೆ ರಸೀತಿಯ ಮೇಲೆ "ಕೊಳಲಿಗೆ ಮಾತ್ರ" ಅಂತ ನೀವೇ ಬರೆದು ಹಣ ಕೊಡಿ.