ಆ ಮಗುವಿಗೂ ತರಗತಿಯಲ್ಲಿ ಜಾಗವಿದೆ

ಇತ್ತೀಚೆಗೆ ಒಂದು ಮದುವೆಗೆ ಹೋಗಿದ್ದೆ. ಹೆಂಗಸರ ಊಟದ ಹಾಲ್‌ನಲ್ಲಿ ಮೈಕಿನ ಸದ್ದು, ತಟ್ಟೆಗಳ ಸದ್ದು, ಮಾತಿನ ಗದ್ದಲ. ಆರು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕಿರುಚತೊಡಗಿದ. ತಾಯಿ ಎಷ್ಟು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ.

"ಮುದ್ದು ಮಾಡಿ ಹಾಳು ಮಾಡಿದ್ದಾಳೆ" ಎಂದರು ಒಬ್ಬರು. "ಎರಡು ಬಾರಿಸಿದರೆ ಸರಿ ಹೋಗ್ತಾನೆ" ಎಂದರು ಇನ್ನೊಬ್ಬರು. ಆಕೆ ಬಡಿಸಿದ ಅನ್ನವನ್ನು ಮುಟ್ಟದೆ ಮಗನನ್ನು ಎತ್ತಿಕೊಂಡು ಹೊರಟುಹೋದಳು.

ನನಗೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಕಾರಣವಿದೆ. ನಾಲ್ಕು ವರ್ಷಗಳ ಹಿಂದೆ ಅದೇ ತಾಯಿ ನನ್ನ ಬಳಿ ಬಂದಿದ್ದಳು. "ಆಪಾ, ಇವನಿಗೆ ಎರಡು ತುಂಬಿತು. ಇನ್ನೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡೋದಿಲ್ಲ" ಎಂದಿದ್ದಳು. ನಾನು ನಕ್ಕು, "ಗಂಡು ಮಕ್ಕಳು ಮಾತಾಡೋದು ತಡ. ಸುಮ್ಮನೆ ಚಿಂತೆ ಮಾಡಬೇಡ" ಎಂದೆ. ಆಕೆ ನನ್ನ ಮಾತನ್ನು ನಂಬಿದಳು. ಒಂದೂವರೆ ವರ್ಷ ಹಾಗೆಯೇ ಕಳೆಯಿತು. ಕೊನೆಗೆ ವೈದ್ಯರು ಆಟಿಸಂ ಎಂದರು.

ನನ್ನ ಮಾತಿನಿಂದ ಆ ಮಗುವಿಗೆ ಆಟಿಸಂ ಬಂದಿಲ್ಲ, ನಿಜ. ಆದರೆ ಬೇಗನೆ ಸಿಗಬೇಕಾಗಿದ್ದ ತರಬೇತಿ ತಪ್ಪಿಹೋಯಿತು. ಸೋದರಿಯರೇ, ನನ್ನ ತಪ್ಪು ನಿಮ್ಮಿಂದಾಗದಿರಲಿ ಎಂದೇ ಈ ಬಾರಿ ಇದನ್ನು ಬರೆಯುತ್ತಿದ್ದೇನೆ.

ಮಗುವಿಗೆ ಒಂದು ವರ್ಷ ತುಂಬಿದರೂ ಬೆರಳು ತೋರಿಸುವುದು, ಟಾಟಾ ಮಾಡುವುದು ಇಲ್ಲವೇ? ಹದಿನಾರು ತಿಂಗಳಾದರೂ ಒಂದು ಪದವೂ ಬಂದಿಲ್ಲವೇ? ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತಾಡುವುದಿಲ್ಲವೇ? ಬಂದ ಮಾತು ನಿಂತುಹೋಯಿತೇ? ಹಾಗಾದರೆ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದಾದರೆ ಸಂತೋಷ. ಇದ್ದರೆ ಒಂದು ದಿನವೂ ವ್ಯರ್ಥವಾಗದು.

ಎಲ್ಲಿಗೆ ಹೋಗುವುದು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ. ಅಂಥ ಮಕ್ಕಳಿಗಾಗಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಹಾಗೂ ಚಿಕಿತ್ಸಾ ಕೇಂದ್ರಗಳ ವ್ಯವಸ್ಥೆಯಿದೆ. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ಇನ್ನು ಶಾಲೆಯ ವಿಷಯ. ಆ ಹುಡುಗನನ್ನು ಒಂದು ಖಾಸಗಿ ಶಾಲೆ ಎರಡೇ ತಿಂಗಳಲ್ಲಿ ವಾಪಸು ಕಳಿಸಿತು. "ನಮ್ಮಲ್ಲಿ ಇಂಥವರಿಗೆ ವ್ಯವಸ್ಥೆ ಇಲ್ಲ" ಎಂದರಂತೆ. ಆಕೆ ಅತ್ತುಕೊಂಡು ಮನೆಗೆ ಬಂದಳು. ಕಾನೂನು ಏನು ಹೇಳುತ್ತದೆಂದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳನ್ನು ಹೆಸರಿಸಲಾಗಿದೆ. ಆಟಿಸಂ, ಬೌದ್ಧಿಕ ನ್ಯೂನತೆ, ಓದು ಬರಹ ಲೆಕ್ಕದಲ್ಲಿ ತೊಡಕಾಗುವ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಎಲ್ಲವೂ ಅದರಲ್ಲಿವೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು. ನ್ಯೂನತೆ ಶೇ. 40 ಅಥವಾ ಹೆಚ್ಚಿದೆಯೆಂಬ ಪ್ರಮಾಣಪತ್ರವಿದ್ದರೆ, 6ರಿಂದ 18ರ ವಯಸ್ಸಿನವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಇಷ್ಟಪಟ್ಟ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳಿಗೂ ಅದರಲ್ಲಿ ಅವಕಾಶವಿದೆ. ಶಾಲೆಯವರು ಕೇಳದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಲಿಖಿತವಾಗಿ ದೂರು ಕೊಡಿ. ವಿಶೇಷ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರ ಬಗ್ಗೆ ತಾಲೂಕಿನ ಬಿ.ಆರ್.ಸಿ. ಕೇಂದ್ರದಲ್ಲಿ ವಿಚಾರಿಸಿ. ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಟ್ಟುಕೊಳ್ಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆಯೂ ಇದೆ.

ಕಾರ್ಡು ಮಾಡಿಸಿದರೆ ಮಗನಿಗೆ ಹಣೆಪಟ್ಟಿ ಬೀಳುತ್ತದೆ, ನಾಳೆ ಅವನ ಅಕ್ಕನಿಗೆ ಸಂಬಂಧ ಕೂಡಿಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಈ ಹೆದರಿಕೆಯಿಂದ ಎಷ್ಟು ಮಕ್ಕಳು ಒಳಕೋಣೆಯಲ್ಲೇ ಬೆಳೆಯುತ್ತಿದ್ದಾರೋ! ತಾಯಿಯ ಪ್ರೀತಿ ಸಾಲದ್ದರಿಂದ ಆಟಿಸಂ ಬರುತ್ತದೆಂದು ಒಂದು ಕಾಲದಲ್ಲಿ ವೈದ್ಯರೇ ನಂಬಿದ್ದರು. ಆ ವಾದ ದಶಕಗಳ ಹಿಂದೆಯೇ ಬಿದ್ದುಹೋಯಿತು. ಆದರೆ ನಮ್ಮ ಅಡುಗೆಮನೆಗಳಲ್ಲಿ ಅದಿನ್ನೂ ಜೀವಂತವಾಗಿದೆ.

ಈಗ ಆ ಹುಡುಗ ಸರಕಾರಿ ಶಾಲೆಯ ಒಂದನೇ ತರಗತಿಯಲ್ಲಿದ್ದಾನೆ. ಅಲ್ಲಿನ ಟೀಚರ್ ದೊಡ್ಡ ಪವಾಡವೇನೂ ಮಾಡಿಲ್ಲ. ಅವನನ್ನು ತಮ್ಮ ಮೇಜಿನ ಪಕ್ಕ ಕೂರಿಸಿಕೊಂಡರು. ದಿನದ ಪಾಠ, ಊಟ, ಆಟ ಯಾವಾಗ ಎಂದು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿದರು. ಬೆಲ್ ಹೊಡೆಯುವ ಮುಂಚೆ ಅವನಿಗೆ ತಿಳಿಸುತ್ತಾರೆ. ಜೊತೆಗೊಬ್ಬ ಗೆಳೆಯನನ್ನು ಗೊತ್ತುಮಾಡಿದ್ದಾರೆ. ಮದ್ರಸದ ಉಸ್ತಾದರೂ ಗದ್ದಲ ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ಗಂಟೆ ಬರಲಿ ಎಂದಿದ್ದಾರೆ.

ನಾವೇನು ಮಾಡಬಹುದು? ಅಂಥ ತಾಯಿ ಊಟಕ್ಕೆ ಕುಳಿತಾಗ ಹತ್ತು ನಿಮಿಷ ಮಗುವನ್ನು ಹೊರಗೆ ತಿರುಗಾಡಿಸಿ ಬರಬಹುದು. ನಮ್ಮ ಮಕ್ಕಳಿಗೆ "ಅವನನ್ನೂ ಆಟಕ್ಕೆ ಕರೆಯಿರಿ" ಎನ್ನಬಹುದು. ಅವಳ ಎದುರು ಅಯ್ಯೋ ಪಾಪ ಎನ್ನುವುದನ್ನು ನಿಲ್ಲಿಸಬಹುದು. ಅವಳಿಗೂ ನಿದ್ದೆ ಬೇಕು, ಮಾತಾಡಲು ಒಬ್ಬರು ಬೇಕು. ಮನಸ್ಸು ತೀರಾ ಕುಸಿದರೆ 14416ಕ್ಕೆ ಕರೆ ಮಾಡಲು ಹೇಳಿ. ಅದು 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮದುವೆಯ ಮರುದಿನ ನಾನು ಅವಳ ಮನೆಗೆ ಹೋದೆ. ಅಂದು ಹಾಗೆ ಹೇಳಿದ್ದಕ್ಕಾಗಿ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ, ಚಹಾ ಮಾಡಲು ಒಳಗೆ ಹೋದಳು. ಅಷ್ಟರಲ್ಲಿ ಹುಡುಗ ಅವಳ ಹಿಂದೆಯೇ ಹೋಗಿ ಸೆರಗು ಹಿಡಿದೆಳೆದು, "ಅಮ್ಮೀ, ಪಾನಿ" ಎಂದ. ಅವಳು ಬಾಗಿಲಿಗೆ ಬಂದು, "ಕೇಳಿದಿರಾ ಆಪಾ? ಈಗೊಂದು ತಿಂಗಳಿಂದ ಕೇಳ್ತಾನೆ" ಎಂದಳು.