ಕಾಫಿ ತೋಟವೂ ಲೈನುಮನೆಯೂ

ಕಾಫಿ ತೋಟವೆಂದೊಡನೆ ಸಾವಿರಾರು ಎಕರೆಯ ಕಂಪೆನಿ ತೋಟಗಳನ್ನೇ ಅನೇಕರು ನೆನೆಯುವರು. ವಸ್ತುಸ್ಥಿತಿ ಬೇರೆ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ಣಾಟಕದ್ದು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಮಿಗಿಲಾದುವು 10 ಹೆಕ್ಟೇರಿಗಿಂತ ಚಿಕ್ಕವು. ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಗಳಲ್ಲಿ ತಂದೆಯಿಂದ ಮಕ್ಕಳಿಗೆ ಬಂದ ಸಣ್ಣ ತೋಟಗಳೇ ಈ ಬೆಳೆಗೆ ಆಧಾರವಾಗಿವೆ.

ತೋಟವು ಒಂದು ಕುಟುಂಬದ ಸ್ವತ್ತಾಗಿರಬಹುದು. ಆದರೆ ಅದು ಆ ಒಂದೇ ಕುಟುಂಬದ ದುಡಿಮೆಯಿಂದ ನಿಲ್ಲತಕ್ಕುದಲ್ಲ. ಮರಗಸಿ ಮಾಡುವವರು, ಚಿಗುರು ತೆಗೆಯುವವರು, ಕಣದಲ್ಲಿ ಬೀಜ ಒಣಗಿಸುವವರು ಎಲ್ಲರೂ ಬೇಕು. ಅರೇಬಿಕಾ ಹಣ್ಣು ಒಮ್ಮೆಗೇ ಮಾಗುವುದಿಲ್ಲ. ಮಾಗಿದುದನ್ನಷ್ಟೇ ಆರಿಸಿ ಮತ್ತೆ ಮತ್ತೆ ಕೊಯ್ಯಬೇಕು. ಕೊಯ್ಯುವ ಕೈಗಳು ಬಾರದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ನೆಲದ ಪಾಲಾಗುವುದು. ಕೂಲಿಗಾರನ ಕೈಯಲ್ಲಿ ಕಾಸಾಡಿದರೆ ಊರ ಸಂತೆಗೂ ಕಳೆ.

1996ರಲ್ಲಿ ಬೆಳೆಗಾರನಿಗೆ ತನ್ನ ಕಾಫಿಯನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ದೊರೆಯಿತು. ಅದರೊಡನೆ ಜಗತ್ತಿನ ಪೇಟೆಯ ಏರಿಳಿತವೂ ಅವನ ಅಂಗಳಕ್ಕೆ ಬಂತು. 2000ದ ಬಳಿಕ ಧಾರಣೆ ನೆಲಕಚ್ಚಿದಾಗ ಯಜಮಾನನು ಸಾಲಗಾರನಾದನು. ಕೂಲಿಗಾರನು ಕೆಲಸದ ದಿನಗಳನ್ನೇ ಕಳೆದುಕೊಂಡನು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯ ಅರೇಬಿಕಾ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೇರಿತು. ನಷ್ಟದಲ್ಲಿ ಪಾಲುಗಾರನಾದವನು ಲಾಭದಲ್ಲಿ ಪಾಲುಗಾರನಾಗಬಾರದೇಕೆ?

ಕಾಂಡಕೊರಕ, ಅಕಾಲ ವೃಷ್ಟಿ, ಕಾಡಾನೆಗಳ ಹಾವಳಿ, 2018ರಲ್ಲಿ ಕೊಡಗು ಕಂಡ ಭೂಕುಸಿತ, ಇವುಗಳ ನಡುವೆ ಬೆಳೆಗಾರನು ನಾಳೆಗಾಗಿ ನಾಲ್ಕು ಕಾಸು ಕೂಡಿಡಬಯಸುವುದು ಸಹಜವೆಂಬುದನ್ನು ನಾವು ಬಲ್ಲೆವು. ಕಾಯಿಲೆಗೆ ಔಷಧ, ಮದುವೆಗೆ ಮುಂಗಡ ಕೊಟ್ಟ ಹಿರಿಯ ಯಜಮಾನರ ಔದಾರ್ಯವನ್ನೂ ಮರೆತಿಲ್ಲ. ಆದರೆ ಔದಾರ್ಯವು ಕೊಡುವವನ ಮನಸ್ಸನ್ನು ಅವಲಂಬಿಸಿದುದು. ಮುಂಗಡವಂತೂ ಪಡೆದವನನ್ನು ಕಟ್ಟಿಹಾಕುವುದು. 1951ರ ತೋಟ ಕಾರ್ಮಿಕರ ಕಾನೂನು ವಸತಿ, ವೈದ್ಯೋಪಚಾರಗಳನ್ನು ಯಜಮಾನನ ಕರ್ತವ್ಯವೆಂದೇ ಸಾರಿತ್ತು. ಸಣ್ಣ ತೋಟಗಳು ಸಾಮಾನ್ಯವಾಗಿ ಅದರ ಹೊರಗುಳಿದುವು. ಕಾನೂನು ಕೈಚಾಚದ ಕಡೆ ನ್ಯಾಯಬುದ್ಧಿಯೇ ಕೈಚಾಚಬೇಕು.

ಆದುದರಿಂದ ನಮ್ಮ ಸೂಚನೆಯಿಷ್ಟು: ಒಳ್ಳೆಯ ವರ್ಷದ ಹಣದಲ್ಲಿ ಮೊದಲ ವೆಚ್ಚವು ಲೈನುಮನೆಯ ಮಾಡು, ಕುಡಿಯುವ ನೀರು, ಶೌಚಾಲಯಗಳಿಗೆ ಸಲ್ಲಲಿ, ಮುಂಗಡದ ಲೆಕ್ಕವು ಕೂಲಿಗಾರನ ಕೈಯಲ್ಲೂ ಇರಲಿ. ಒಬ್ಬನಿಂದಾಗದ ಕಡೆ ನೆರೆಯ ತೋಟದವರು ಪಂಚಾಯತಿಯೊಡನೆ ಕೂಡಿ ಮಾಡಲಿ, ಸರಕಾರವೂ ಹಿಂದೆಗೆಯದಿರಲಿ. ಯಜಮಾನನ ಮಕ್ಕಳೂ ಕೂಲಿಗಾರನ ಮಕ್ಕಳೂ ಇಂದು ಪಟ್ಟಣದತ್ತ ಮುಖಮಾಡಿದ್ದಾರೆ. ಇಬ್ಬರಿಗೂ ಮಾನದಿಂದ ಬಾಳಲಾಗುವ ತೋಟ ಮಾತ್ರವೇ ಮುಂದಿನ ತಲೆಮಾರಿಗೆ ಉಳಿದೀತು.